ಒಂದೇ ಚುಕ್ಕಿಯ ರಂಗೋಲಿ

ನಮ್ಮ ಊರಿನಲ್ಲಿ ಯಾರೂ ಯಾರನ್ನೂ "ಊಟ ಆಯ್ತಾ?" ಎಂದು ಕೇಳುವುದಿಲ್ಲ. ಬೇರೆ ಊರುಗಳಲ್ಲಿ ಎದುರು ಸಿಕ್ಕವರನ್ನು ಮೊದಲು ಕೇಳುವ ಮಾತೇ ಅದಂತೆ. ನಮ್ಮಲ್ಲಿ ಹಾಗೆ ಕೇಳಿದರೆ ಕೇಳಿಸಿಕೊಂಡವರು ತಲೆ ತಗ್ಗಿಸುತ್ತಾರೆ, ಕೇಳಿದವರು ನಾಲಿಗೆ ಕಚ್ಚಿಕೊಳ್ಳುತ್ತಾರೆ. ಯಾಕೆಂದರೆ ನಮ್ಮ ಊರಿನಲ್ಲಿ ತಿಂದದ್ದನ್ನು ಬಚ್ಚಿಡಲು ಬರುವುದಿಲ್ಲ. ಮೈಗೆ ಹೆಚ್ಚಾದದ್ದು ಕಲ್ಲಾಗಿ ಮನೆಯ ಮುಂದೆ ಬಂದು ಕೂರುತ್ತದೆ.

ಹೇಗೆ ಬರುತ್ತದೆ ಎಂದು ಕಂಡವರಿಲ್ಲ. ಬೆಳಿಗ್ಗೆ ಬಾಗಿಲು ತೆಗೆದರೆ ಜಗುಲಿಯ ಮೇಲೆ ಕಲ್ಲು ಇರುತ್ತದೆ. ಬೂದು ಬಣ್ಣ, ಸಿಪ್ಪೆ ಸುಲಿಯದ ತೆಂಗಿನಕಾಯಿಯಷ್ಟು ಗಾತ್ರ. ಜಗುಲಿ ಕಟ್ಟಿಸುವುದು ಬಂದವರು ಕೂರಲಿ ಎಂದು. ನಮ್ಮಲ್ಲಿ ಕಲ್ಲುಗಳು ಕೂರುತ್ತವೆ, ಬಂದವರು ನಿಂತು ಎಣಿಸುತ್ತಾರೆ. ನಾಲ್ಕು ಕಲ್ಲಿನ ಮನೆ, ಏಳು ಕಲ್ಲಿನ ಮನೆ ಎಂದೇ ಇಲ್ಲಿ ವಿಳಾಸ ಹೇಳುವುದು. ಒಂದು ಜಗುಲಿಗೆ ಹನ್ನೆರಡು ಕಲ್ಲು ಲೆಕ್ಕ. ಹದಿಮೂರನೆಯದು ಬಂದರೆ ಅದು ಹೊಸ್ತಿಲ ಮೇಲೆ ಕೂರುತ್ತದೆ. ಹೊಸ್ತಿಲ ಮೇಲೆ ಕಲ್ಲು ಕೂತ ಮನೆಯಿಂದ ಯಾರೂ ಹೊರಗೆ ಬರುವಂತಿಲ್ಲ, ಯಾರೂ ಒಳಗೆ ಹೋಗುವಂತಿಲ್ಲ.

ತಿಂದ ಕೈಗೆ ಈ ಕಲ್ಲು ಏಳುವುದಿಲ್ಲ. ಇಪ್ಪತ್ತೊಂದು ದಿನ ಬರೀ ಗಂಜಿಯ ತಿಳಿ ಕುಡಿದು, ಕಣ್ಣು ಗುಳಿ ಬಿದ್ದು, ನಿಂತಲ್ಲೇ ತೂಕಡಿಸುವಂತಾದ ಮೇಲೆ ಕಲ್ಲು ಹತ್ತಿಯಂತೆ ಹಗುರಾಗಿ ಕೈಗೆ ಬರುತ್ತದೆ. ವರ್ಷಕ್ಕೊಮ್ಮೆ ನಗಾರಿಯ ದಿನ. ಅಂದು ಉಪವಾಸದವರೆಲ್ಲ ತಮ್ಮ ತಮ್ಮ ಕಲ್ಲುಗಳನ್ನು ಬೀದಿಯುದ್ದಕ್ಕೂ ಹೊತ್ತು ತಂದು ಕೆರೆಗೆ ಎಸೆಯುತ್ತಾರೆ. ಒಂದೊಂದು ಕಲ್ಲಿಗೆ ಒಂದೊಂದು ಸುತ್ತು ನಗಾರಿ ಬಾರಿಸಬೇಕು. ಎಸೆದವರ ಕೊರಳಿಗೆ ಹಾರ ಬೀಳುತ್ತದೆ. ನಗಾರಿ ಬಾರಿಸುವವನು ನಾನೇ. ನನ್ನ ತಂದೆಯೂ ಬಾರಿಸುತ್ತಿದ್ದರು. ನಗಾರಿಯವನ ಜಗುಲಿ ಸದಾ ಖಾಲಿ ಇರಬೇಕು ಎಂಬುದು ಕಟ್ಟಳೆ. ನನ್ನ ಜಗುಲಿಯ ಮೇಲೆ ಕೆಂಪು ಬಟ್ಟೆ ಹೊದಿಸಿದ ಪೀಠ, ಪೀಠದ ಮೇಲೆ ನಗಾರಿ, ಅಷ್ಟೇ ಇರುವುದು. ಅಲ್ಲಿಂದಲೇ ಬಾರಿಸಿದರೆ ಊರಿಗೆಲ್ಲ ಕೇಳುತ್ತದೆ.

ನಗಾರಿಯ ದಿನ ಕಳೆದ ಮೇಲಿನ ಮಾತನ್ನು ಮಾತ್ರ ನಮ್ಮ ಊರಿನಲ್ಲಿ ಯಾರೂ ಆಡುವುದಿಲ್ಲ. ಎಸೆದ ಕಲ್ಲು ವಾಪಸ್ಸು ಬರುತ್ತದೆ. ಮೂರು ತಿಂಗಳಿಗೋ ನಾಲ್ಕು ತಿಂಗಳಿಗೋ ಒಂದು ಬೆಳಿಗ್ಗೆ ಅದೇ ಕಲ್ಲು ಅದೇ ಜಾಗದಲ್ಲಿ, ಮೈಯೆಲ್ಲ ಒದ್ದೆಯಾಗಿ, ಪಾಚಿ ಮೆತ್ತಿಕೊಂಡು ಕೂತಿರುತ್ತದೆ. ಎಸೆದಷ್ಟೇ ಬರುವುದಿಲ್ಲ, ಜೊತೆಗೆ ಒಂದೋ ಎರಡೋ ಮೂರೋ ಹೊಸದನ್ನೂ ಕರೆದುಕೊಂಡು ಬರುತ್ತವೆ. ಕೆರೆಯಿಂದ ಜಗುಲಿಯವರೆಗೆ ಬೀದಿಯ ಮೇಲೆ ಒಂದು ಒದ್ದೆ ಗೆರೆ. ಮನೆಯ ಹೆಂಗಸು, ಕೆಲವು ಮನೆಗಳಲ್ಲಿ ಗಂಡಸು, ಊರು ಏಳುವ ಮುಂಚೆ ಎದ್ದು ಮಂಡಿಯೂರಿ ಆ ಗೆರೆಯನ್ನು ಒರೆಸುತ್ತಾರೆ. ಎಲ್ಲರೂ ಒರೆಸುತ್ತಾರೆ, ಎಲ್ಲರೂ ತಾವೊಬ್ಬರೇ ಒರೆಸುತ್ತಿರುವುದು ಎಂದುಕೊಂಡಿರುತ್ತಾರೆ.

ನನ್ನ ಮನೆಗೆ ಎದುರು ಹೋಳಿಗೆಯವಳ ಮನೆ. ಊರಿನ ಮದುವೆ ಮುಂಜಿಗೆಲ್ಲ ಅವಳದೇ ಹೋಳಿಗೆ. ಗಂಡನಿಲ್ಲ, ಒಬ್ಬಳೇ ಮಗಳನ್ನು ದೂರದ ಊರಿಗೆ ಕೊಟ್ಟಿದ್ದಳು. ಅವಳ ತಾಯಿಯ ಕಾಲದಲ್ಲಿ ಆ ಮನೆಯ ಹೊಸ್ತಿಲ ಮೇಲೆ ಕಲ್ಲು ಕೂತಿತ್ತು. ಒಂಬತ್ತು ವರ್ಷ ಆ ತಾಯಿ ಕಿಟಕಿಯಿಂದಲೇ ಊರನ್ನು ನೋಡಿದಳು. ಕೊನೆಗೆ ಹಿಂದಿನ ಗೋಡೆ ಒಡೆದು ಹೆಣವನ್ನು ಹೊರಗೆ ತಂದೆವು. ಹೆಣಕ್ಕಷ್ಟೇ ಆ ದಾರಿ. ಹೆಣ ಹೋದ ಮೇಲೆ ಅವಳ ಕಲ್ಲುಗಳೂ ಮಾಯವಾದವು. ಗೋಡೆಯಲ್ಲಿ ಹೊಸ ಇಟ್ಟಿಗೆಯ ತೇಪೆ ಈಗಲೂ ಬೇರೆ ಬಣ್ಣದಲ್ಲಿ ಕಾಣುತ್ತದೆ.

ಹೋಳಿಗೆಯವಳು ಮೂರು ಸಲ ಎಸೆದವಳು. ಮೊದಲ ಸಲ ಆರು ಎಸೆದಳು, ಏಳು ಬಂದವು. ಮರುವರ್ಷ ಏಳು ಎಸೆದಳು, ಒಂಬತ್ತು ಬಂದವು. ಮೂರನೆಯ ಸಲ ಒಂಬತ್ತನ್ನೂ ಒಂದೇ ದಿನ ಎಸೆದಾಗ ನಾನು ಕೈಗೆ ಬೊಬ್ಬೆ ಬರುವವರೆಗೆ ಒಂಬತ್ತು ಸುತ್ತು ಬಾರಿಸಿದೆ. ಹಾರ ಹಾಕಿಸಿಕೊಂಡು ಅವಳು ಅಲ್ಲೇ ಬವಳಿ ಬಂದು ಕುಸಿದಳು. ಜನ ಅದಕ್ಕೂ ಚಪ್ಪಾಳೆ ತಟ್ಟಿದರು. ನಾಲ್ಕನೆಯ ತಿಂಗಳಿಗೆ ಹನ್ನೆರಡು ಬಂದು ಕೂತವು. ಆ ಬೆಳಿಗ್ಗೆ ಅವಳು ಸೆರಗಿನಿಂದ ಹನ್ನೆರಡು ಗೆರೆ ಒರೆಸುತ್ತಿದ್ದುದನ್ನು ನನ್ನ ಬಾಗಿಲ ಸಂದಿಯಿಂದ ನೋಡಿದೆ. ಹೊರಗೆ ಬಂದು ಒಂದು ಮಾತು ಆಡಬಹುದಿತ್ತು. ಆಡಲಿಲ್ಲ. ಅವಳಿಗೆ ಕೇಳಿಸದಂತೆ ನಾನು ಬಾಗಿಲು ಮುಚ್ಚಿದೆ.

ಅದಾಗಿ ಆರೇಳು ತಿಂಗಳಿಗೆ ಗಾಡಿಯವನೊಬ್ಬ ಮಗಳ ಸುದ್ದಿ ತಂದ. ಚೊಚ್ಚಲು ಬಸುರಿ, ಒಂಬತ್ತನೆಯ ತಿಂಗಳಿಗೆ ತಾಯಿಯ ಮನೆಗೆ ಬಾಣಂತನಕ್ಕೆ ಬರುತ್ತಾಳಂತೆ. ಇನ್ನು ಐದು ತಿಂಗಳಿತ್ತು. ಹೋಳಿಗೆಯವಳು ಹನ್ನೆರಡು ಕಲ್ಲುಗಳನ್ನೂ ನೋಡಿದಳು, ಹೊಸ್ತಿಲನ್ನೂ ನೋಡಿದಳು. ಇನ್ನೊಂದು ಕಲ್ಲು ಬಂದರೆ ಮಗಳು ಬೀದಿಯಿಂದಲೇ ಹಿಂದಿರುಗಬೇಕು.

ಊರಿನ ಕಟ್ಟಳೆಗಳನ್ನೆಲ್ಲ ಕಾಯುವವನು ಅರಳಿಕಟ್ಟೆಯ ಹಿರಿಯ. ಅವನಿಗೆ ಕಿವಿ ಮಂದ, ಅದನ್ನು ಅವನು ಒಪ್ಪುತ್ತಿರಲಿಲ್ಲ. ನಗಾರಿಯ ದಿನಕ್ಕೆ ಇನ್ನು ತಿಂಗಳಿದೆ ಎನ್ನುವಾಗ ಅವಳ ಮನೆ ಮುಂದೆ ಬಂದು ನಿಂತ.

"ಈ ಸಲ ಹನ್ನೆರಡನ್ನೂ ಎಸೆದುಬಿಡು ತಾಯಿ. ನಾಳೆಯಿಂದಲೇ ಗಂಜಿ ತಿಳಿ ಶುರು ಮಾಡ್ಕೋ" ಎಂದ.

"ಈಗ ಎಸೆದ್ರೆ ನನ್ನ ಮಗಳು ಬರೋ ಹೊತ್ತಿಗೆ ಸರಿಯಾಗಿ ವಾಪಸ್ ಬರ್ತವೆ" ಎಂದಳು ಅವಳು. "ಹದಿನೈದಾಗಿ ಬರ್ತವೆ. ನಂಗೆ ಅವುಗಳ ಬುದ್ಧಿ ಗೊತ್ತಾಗಿದೆ."

ಹಿರಿಯನಿಗೆ ಅದರಲ್ಲಿ ಎಷ್ಟು ಕೇಳಿಸಿತೋ. ತಲೆಯಾಡಿಸಿ ಹೋದ.

ಆ ದಿನ ಅವಳು ಯಾರದೋ ಸೀಮಂತಕ್ಕೆ ಹೂರಣ ರುಬ್ಬುತ್ತಿದ್ದಳಂತೆ. ಇದನ್ನು ಅವಳೇ ನನಗೆ ಆಮೇಲೆ ಹೇಳಿದ್ದು. ಒರಳಿನ ಗುಂಡು ತಿರುಗಿಸುತ್ತಿದ್ದ ಕೈ ತಾನಾಗಿ ನಿಂತಿತು. ಅವಳು ಚಿಕ್ಕವಳಿದ್ದಾಗ ಆ ಗುಂಡನ್ನು ಎರಡು ಕೈಯಲ್ಲಿ ತಬ್ಬಿದರೂ ಬೆರಳಿಗೆ ಬೆರಳು ತಾಗುತ್ತಿರಲಿಲ್ಲ. ಈಗ ಒಂದೇ ಕೈಯಲ್ಲಿ ತಿರುಗಿಸುತ್ತಿದ್ದಳು. ಅಜ್ಜಿ ರುಬ್ಬಿದಳು, ತಾಯಿ ರುಬ್ಬಿದಳು, ಇವಳು ರುಬ್ಬಿದಳು. ಗುಂಡು ಅರ್ಧ ಹೋಗಿತ್ತು. ಹೋದ ಅರ್ಧವನ್ನು ಯಾರೂ ಎತ್ತಿ ಎಸೆದಿರಲಿಲ್ಲ, ಅದು ವಾಪಸ್ಸೂ ಬಂದಿರಲಿಲ್ಲ.

ಮಾರನೆಯ ಬೆಳಿಗ್ಗೆ ಎದುರು ಮನೆಯಿಂದ ಸರ್ರ್, ಸರ್ರ್ ಎಂದು ಸದ್ದು ಬಂತು. ನೋಡಿದರೆ ಹೋಳಿಗೆಯವಳು ಜಗುಲಿಯ ಮುಂದೆ ಬಗ್ಗಿ ನಿಂತು, ಮೊದಲ ಕಲ್ಲಿನ ಬುಡಕ್ಕೆ ಚೊಂಬಿನಿಂದ ನೀರು ಬಿಟ್ಟು, ಎರಡು ಕೈಯಿಂದ ಅದನ್ನು ಹಿಂದಕ್ಕೂ ಮುಂದಕ್ಕೂ ಉಜ್ಜುತ್ತಿದ್ದಳು. ತಿಂದ ಕೈಗೆ ಕಲ್ಲು ಏಳುವುದಿಲ್ಲ ನಿಜ. ಆದರೆ ಒಂದು ಬೆರಳಿನಷ್ಟು ಜರುಗುತ್ತದೆ ಎಂದು ನಮಗೆ ಯಾರಿಗೂ ಗೊತ್ತಿರಲಿಲ್ಲ, ಯಾಕೆಂದರೆ ಜರುಗಿಸಿ ನೋಡಿದವರೇ ಇರಲಿಲ್ಲ. ಹಸಿದ ಕೈಗೆ ಆ ಕೆಲಸ ಆಗುತ್ತಲೂ ಇರಲಿಲ್ಲ. ಅದಕ್ಕೆ ಅವಳು ಮೊದಲು ಒಳಗೆ ಕೂತು ಒಂದು ಮುದ್ದೆ, ಸೊಪ್ಪಿನ ಸಾರು ಉಂಡು ಬರುತ್ತಿದ್ದಳು. ಉಣ್ಣುವುದು, ಉಜ್ಜುವುದು, ಚೊಂಬಿನ ನೀರು ಮುಗಿದಾಗ ನಿಲ್ಲಿಸುವುದು. ಇವತ್ತು ಈ ಕಲ್ಲು, ನಾಳೆ ಅದರ ಪಕ್ಕದ್ದು. ಕಲ್ಲಿನ ಬುಡದಲ್ಲಿ ಉಳಿದ ಬೂದು ಕೆಸರನ್ನು ಒಣಗಿಸಿದರೆ ಒಂದು ಚಿಟಿಕೆ ಪುಡಿ ಸಿಗುತ್ತಿತ್ತು. ಆ ಪುಡಿಯಲ್ಲಿ ಅವಳು ಬಾಗಿಲ ಮುಂದೆ ಒಂದು ಚುಕ್ಕಿ ಇಡುತ್ತಿದ್ದಳು. ಒಂದೇ ಚುಕ್ಕಿ.

ಒಂದೇ ಚುಕ್ಕಿಯ ರಂಗೋಲಿ ನೋಡಿ ಬೀದಿಯವರು ನಕ್ಕರು. ನಾನೂ ನಕ್ಕೆ.

ಹಿರಿಯ ಬಂದು "ಇದೇನಮ್ಮ ಮಾಡ್ತಿದ್ದೀಯ?" ಎಂದು ಕೇಳಿದ.

"ಸವೆಸ್ತಿದ್ದೀನಿ" ಎಂದಳು.

ಅವನಿಗೆ ಕೇಳಿಸಿದ್ದು ಬೇರೆ. ಸಂಜೆ ಕಟ್ಟೆಯ ಮೇಲೆ ಕೂತು "ಆಯಮ್ಮ ಕಲ್ಲುಗಳನ್ನ ಸವೀತಾ ಇದ್ದಾಳಂತೆ, ಅವಳ ಬಾಯಿಚಪಲಕ್ಕೆ ಈಗ ಕಲ್ಲೂ ರುಚಿಯಾಯ್ತು" ಎಂದು ಸಾರಿದ. ಅಂದಿನಿಂದ ಅವಳಿಗೆ ಕಲ್ಲು ಸವಿಯುವವಳು ಎಂದೇ ಹೆಸರು ಬಿತ್ತು. ನೀರಿಗೆ ಹೋಗುವ ಹೆಂಗಸರು "ಇವತ್ತಿನ ಕಲ್ಲು ಹೇಗಿದೆ, ಉಪ್ಪು ಸರಿಯಾಗಿದೆಯಾ?" ಎಂದು ಕೇಳಿ ಹೋಗುತ್ತಿದ್ದರು. ಅವಳು ಮುಖ ಕೆಂಪಾಗಿಸಿಕೊಂಡು ಕೆಳಗೆ ನೋಡುತ್ತ ಉಜ್ಜುತ್ತಿದ್ದಳು. ಒಂದು ದಿನ ಮಾತ್ರ ನನಗೆ ಕೇಳುವಂತೆ ಹೇಳಿದಳು: "ಹಿರಿಯರು ಪೂರ್ತಿ ತಪ್ಪೇನೂ ಕೇಳಿಸ್ಕೊಂಡಿಲ್ಲ. ಉಪವಾಸ ಮುರಿದಾಗ ನಾನು ಏನು ತಿಂದೆ ಅಂತ ನಂಗೇ ಗೊತ್ತಾಗ್ತಿರ್ಲಿಲ್ಲ, ಬರೀ ನುಂಗ್ತಿದ್ದೆ. ಸಾರಿಗೆ ರುಚಿ ಇದೆ ಅಂತ ಈಗ ಗೊತ್ತಾಗ್ತಿದೆ."

ನಗಾರಿಯ ದಿನ ಬಂತು. ಎಲ್ಲರೂ ಎಸೆದರು, ಅವಳು ಕೆರೆಯ ಕಡೆ ಬರಲಿಲ್ಲ. ನಾನು ಬಾರಿಸುತ್ತ ಬಾರಿಸುತ್ತ ಎದುರು ಮನೆಯನ್ನೇ ನೋಡುತ್ತಿದ್ದೆ. ಬೇಕೆಂದೇ ಜೋರಾಗಿ ಬಾರಿಸಿದೆ. ಅವಳು ಉಜ್ಜುತ್ತಿದ್ದ ಕೈ ಬಿಟ್ಟು ಎರಡೂ ಕಿವಿ ಮುಚ್ಚಿಕೊಂಡಳು. ಅಂದು ನನಗೆ ಸಂತೋಷವಾಯಿತು. ಇದನ್ನು ಬರೆಯುವಾಗ ಈಗ ನನ್ನ ಕೈಗೆ ನಾಚಿಕೆಯಾಗುತ್ತಿದೆ.

ಚುಕ್ಕಿ ಒಂದಾಗಿದ್ದದ್ದು ತಿಂಗಳು ಕಳೆದ ಮೇಲೆ ಮೂರಾಯಿತು. ಕೈ ಪಳಗಿತ್ತು. ಮೂರು ಚುಕ್ಕಿಯಿಂದ ಒಂದು ಎಸಳು. ಮತ್ತೆ ಸ್ವಲ್ಪ ದಿನಕ್ಕೆ ನಾಲ್ಕು ಎಸಳಿನ ಹೂವು. ಜಗುಲಿಯ ಮೇಲೆ ಹನ್ನೆರಡು ಕಲ್ಲೂ ಇದ್ದವು, ಆದರೆ ತೆಂಗಿನಕಾಯಿಯಷ್ಟಿದ್ದವು ಬೇಲದ ಹಣ್ಣಿನಷ್ಟಾಗಿದ್ದವು. ಎರಡು ಕಲ್ಲಿನ ನಡುವೆ ಈಗ ಒಬ್ಬರು ಕೂರುವಷ್ಟು ಜಾಗ. ಊರಿನ ಬಾಯಲ್ಲಿ ಮಾತ್ರ ಅದು ಹನ್ನೆರಡು ಕಲ್ಲಿನ ಮನೆಯೇ. ನಮ್ಮ ಊರಿಗೆ ಎಣಿಸುವುದು ಗೊತ್ತು, ಅಳೆಯುವುದು ಗೊತ್ತಿಲ್ಲ. ಅಷ್ಟರಲ್ಲಿ ಕೆರೆಯಿಂದ ಒದ್ದೆ ಗೆರೆಗಳು ಮೂಡತೊಡಗಿದ್ದವು, ಬೀದಿಯವರೆಲ್ಲ ಬೇಗ ಏಳತೊಡಗಿದ್ದರು.

ಹಿರಿಯನ ಮೊಮ್ಮಗಳ ಮದುವೆ ಬಂತು. ಮುನ್ನೂರು ಹೋಳಿಗೆಯನ್ನು ಹೋಳಿಗೆಯವಳೇ ಬೇಯಿಸಿದಳು. ಅದರ ಮಾರನೆಯ ಬೆಳಿಗ್ಗೆ ನಾನು ಬಾಗಿಲು ತೆಗೆದು ಎದುರಿಗೆ ನೋಡಿದೆ. ಅವಳ ಹೊಸ್ತಿಲ ನಟ್ಟನಡುವೆ ಒಂದು ಕಲ್ಲು ಕೂತಿತ್ತು. ನಿಂಬೆಹಣ್ಣಿನಷ್ಟಿತ್ತು. ಎಷ್ಟಿದ್ದರೇನು, ಹದಿಮೂರು.

ಆ ದಿನವೇ ಮಗಳ ಗಾಡಿ ಬಂತು.

ಹೊತ್ತೇರುವಷ್ಟರಲ್ಲಿ ಬೀದಿಯ ತುಂಬ ಜನ. ಹೋಳಿಗೆಯವಳು ಬಾಗಿಲು ತೆಗೆದು ಕಲ್ಲನ್ನು ನೋಡಿ ಮತ್ತೆ ಮುಚ್ಚಿಕೊಂಡಿದ್ದಳು. ಒಳಗಿನಿಂದ "ಹೋಯ್ತಲ್ಲ, ಎಲ್ಲಾ ಹೋಯ್ತಲ್ಲ" ಎಂಬ ದನಿ ಒಂದು ಸಲ ಕೇಳಿತು. ಆ ಮಾತು ನಮಗೆಲ್ಲ ಪರಿಚಯದ್ದು. ಒಂದು ಒದ್ದೆ ಕಲ್ಲು ಕಂಡ ಬೆಳಿಗ್ಗೆ ನಾವೆಲ್ಲ ಆ ಮಾತು ಆಡಿದವರೇ, ಆಡಿ ಒಳಗೆ ಹೋಗಿ ತಿಂಡಿಯ ಡಬ್ಬಿಯ ಮುಚ್ಚಳ ತೆಗೆದವರೇ. ಈಗ ಡಬ್ಬಿಯ ಸದ್ದು ಬರುತ್ತದೆ ಎಂದು ಬೀದಿಯವರು ಉಸಿರು ಹಿಡಿದು ಕಾದರು. ಬರಲಿ ಎಂದು ಕಾದರು. ನಾನೂ ಹಾಗೇ ಕಾದೆ. ಅವಳು ಗೆದ್ದರೆ ನಾವು ಇಷ್ಟು ವರ್ಷ ಮಾಡಿದ್ದೇನು ಎಂಬ ಪ್ರಶ್ನೆ ಬರುತ್ತಿತ್ತಲ್ಲ.

ಮಗಳು ತುಂಬಿದ ಹೊಟ್ಟೆ ಹಿಡಿದುಕೊಂಡು ಗಾಡಿಯಿಂದ ಇಳಿದಳು. ಹಿರಿಯ ಕೋಲು ಅಡ್ಡ ಹಿಡಿದ.

"ಹೊಸ್ತಿಲ ಮೇಲೆ ಕಲ್ಲು ಕೂತಿದೆ ಮಗಳೇ. ಗಾಡಿ ತಿರುಗಿಸು."

ಅವಳು ಕೋಲನ್ನು ನೋಡಲಿಲ್ಲ. ಮುಚ್ಚಿದ ಬಾಗಿಲಿನ ಕಡೆ ನೋಡಿ, ಹೋದ ಊರಿನಲ್ಲಿ ಕಲಿತ ಮಾತನ್ನು ಕೂಗಿ ಕೇಳಿದಳು: "ಅಮ್ಮಾ, ಊಟ ಆಯ್ತಾ?"

ಬೀದಿಯೇ ತಲೆ ತಗ್ಗಿಸಿತು. ಯಾರೋ ಒಬ್ಬಳು ಮುಖಕ್ಕೆ ಸೆರಗು ಮುಚ್ಚಿಕೊಂಡಳು. ಆಮೇಲೆ ಬಾಗಿಲು ತೆರೆಯಿತು. ಹೋಳಿಗೆಯವಳ ಕೈಯಲ್ಲಿ ಡಬ್ಬಿ ಇರಲಿಲ್ಲ, ನೀರಿನ ಚೊಂಬಿತ್ತು. ಕಣ್ಣು ಊದಿದ್ದವು.

"ಆಯ್ತು ಕಣೇ" ಎಂದಳು. "ನಿನ್ನೆ ಹದಿನಾಲ್ಕು ಹೋಳಿಗೆ ತಿಂದೆ. ಐದು ಪಂಕ್ತಿಯಲ್ಲಿ, ಒಂಬತ್ತು ಉಗ್ರಾಣದಲ್ಲಿ ನಿಂತ್ಕೊಂಡು, ಕದ್ದು. ಇವತ್ತು ಬೆಳಿಗ್ಗೆ ಒಂದು ಮುದ್ದೆ, ಸೊಪ್ಪಿನ ಸಾರು."

ಊರು ಹುಟ್ಟಿದಾಗಿನಿಂದ ಯಾರೂ ಹಾಗೆ ಹೇಳಿದ್ದಿಲ್ಲ. ನಾಚಿಕೆಯಿಂದ ಕೊರಳವರೆಗೂ ಕೆಂಪಾಗಿದ್ದಳು, ಆದರೂ ಲೆಕ್ಕವನ್ನು ಪೂರ್ತಿ ಹೇಳಿದಳು. ಹೇಳಿ ಹೊಸ್ತಿಲ ಒಳಗಡೆ ಕೂತಳು.

"ಜಗುಲಿ ಮೇಲೆ ಕೂತ್ಕೋ. ಸ್ವಲ್ಪ ಹೊತ್ತಾಗುತ್ತೆ."

"ಜಾಗ ಎಲ್ಲಿದೆ?" ಎನ್ನುತ್ತ ಮಗಳು ತಿರುಗಿ ನೋಡಿದಳು. ಜಾಗ ಇತ್ತು. ಎರಡು ಬೇಲದ ಹಣ್ಣಿನಂಥ ಕಲ್ಲುಗಳ ನಡುವೆ ಆರಾಮಾಗಿ ಕಾಲು ಚಾಚಿ ಕೂತಳು. ಆ ಜಗುಲಿಯ ಮೇಲೆ ಮನುಷ್ಯರು ಕೂತದ್ದನ್ನು ನಾನು ಎಷ್ಟೋ ವರ್ಷದ ಮೇಲೆ ನೋಡಿದೆ.

ಸರ್ರ್, ಸರ್ರ್. ನಿಂಬೆಹಣ್ಣಿನಂಥ ಕಲ್ಲು, ಅದರ ಕೆಳಗೆ ಹೊಸ್ತಿಲಿನ ಚಪ್ಪಡಿ. ನೀರು ಬಿಡುವುದು, ಉಜ್ಜುವುದು, ಕೆಸರು ಬಳಿಯುವುದು. ಮುಂಚೆ ಕತ್ತಲಲ್ಲಿ ಗೆರೆ ಒರೆಸುತ್ತಿದ್ದವಳು ಈಗ ಇಡೀ ಊರಿನೆದುರು ಬಿಸಿಲಲ್ಲಿ ಉಜ್ಜಿದಳು. ಬೆರಳ ಗೆಣ್ಣು ಸುಲಿದು ನೀರಿನಲ್ಲಿ ಕೆಂಪು ಕಂಡಿತು. ಮೊದಮೊದಲು ನಗು ಕೇಳಿಸುತ್ತಿತ್ತು, ಆಮೇಲೆ ಬರೀ ಸರ್ರ್ ಎಂಬುದೇ. ಮಧ್ಯಾಹ್ನ ಅವಳು ಕೈ ನಿಲ್ಲಿಸಿ "ನಂಗೆ ಹಸಿವಾಯ್ತು" ಎಂದು ಎದ್ದಳು. ಹಿರಿಯ ಬೆಚ್ಚಿಬಿದ್ದ.

"ಕಲ್ಲು ಹೊಸ್ತಿಲ ಮೇಲಿರುವಾಗ ಉಣ್ಣೋದಾ?"

"ಉಣ್ಣದೆ ಇದ್ರೆ ಉಜ್ಜೋದು ಹ್ಯಾಗೆ?" ಎಂದಳು.

ಎರಡು ತಟ್ಟೆ ತಂದು ಒಂದನ್ನು ಹೊಸ್ತಿಲ ಮೇಲಿಂದ ಮಗಳಿಗೆ ದಾಟಿಸಿದಳು. ಮನುಷ್ಯರು ದಾಟಬಾರದು ಎಂದಿತ್ತೇ ಹೊರತು ತಟ್ಟೆ ದಾಟಬಾರದು ಎಂದು ಕಟ್ಟಳೆ ಇರಲಿಲ್ಲ. ತಾಯಿ ಒಳಗೆ, ಮಗಳು ಹೊರಗೆ, ಊರು ನಿಂತು ನೋಡುತ್ತಿರುವಾಗ ಇಬ್ಬರೂ ನಿಧಾನವಾಗಿ ಉಂಡರು. ಪಂಕ್ತಿಯಲ್ಲೂ ತಲೆ ತಗ್ಗಿಸಿ ನುಂಗುವ ನಮ್ಮ ಊರಿನಲ್ಲಿ ಯಾರಾದರೂ ತಲೆಯೆತ್ತಿ ಉಣ್ಣುವುದನ್ನು ನಾನು ನೋಡಿದ್ದು ಅದೇ ಮೊದಲು. ನೋಡಿ ನನ್ನ ಕಣ್ಣಲ್ಲಿ ನೀರು ಬಂತು. ಯಾಕೆ ಎಂದು ಆಗ ಗೊತ್ತಾಗಲಿಲ್ಲ.

ಹೊತ್ತು ಇಳಿಯುವಾಗ ಕಲ್ಲು ಹುಣಸೆಬೀಜದಷ್ಟಾಯಿತು. ಆಮೇಲೆ ಜೋಳದ ಕಾಳಿನಷ್ಟು. ನಾನು ನನ್ನ ಜಗುಲಿಯ ಮೇಲೆ ಎದ್ದು ನಿಂತು ಕೋಲು ಕೈಗೆತ್ತಿಕೊಂಡೆ. ಬದುಕಿರುವವರ ಹೊಸ್ತಿಲಿನಿಂದ ಹದಿಮೂರನೆಯ ಕಲ್ಲು ಹೋಗುವುದನ್ನು ಯಾವ ನಗಾರಿಯವನೂ ಕಂಡಿರಲಿಲ್ಲ. ಅದಕ್ಕೆ ಬಾರಿಸದೆ ಇನ್ನು ಯಾವುದಕ್ಕೆ ಬಾರಿಸಲಿ ಎಂದುಕೊಂಡೆ.

ಹೋಳಿಗೆಯವಳು ತಲೆಯೆತ್ತಿ ನನ್ನನ್ನು ನೋಡಿದಳು. "ಬೇಡಪ್ಪ" ಎಂದಳು. "ನಗಾರಿ ಕೇಳಿದ್ರೆ ಅವಕ್ಕೆ ವಾಪಸ್ ಬರೋ ದಾರಿ ಗೊತ್ತಾಗುತ್ತೆ."

ನಾನು ಕೋಲು ಕೆಳಗಿಟ್ಟೆ.

ಕೊನೆಯ ಕಾಳು ಬೆರಳಡಿಯಲ್ಲಿ ಕೆಸರಾಯಿತು. ಅವಳು ಹೊಸ್ತಿಲು ತೊಳೆದು ಅರಿಸಿನ ಹಚ್ಚಿದಳು. ಆ ಕೆಸರಿನಿಂದಲೇ ನಡುವೆ ಒಂದು ಚುಕ್ಕಿ ಇಟ್ಟಳು. ಮಗಳು ಹೊಟ್ಟೆ ಹಿಡಿದುಕೊಂಡು ಎದ್ದು, ಬಲಗಾಲು ಎತ್ತಿ, ಚುಕ್ಕಿ ದಾಟಿ ಒಳಗೆ ಹೋದಳು. ಹಿರಿಯನ ಕೋಲು ತನ್ನಷ್ಟಕ್ಕೆ ಕೆಳಗಿಳಿಯಿತು. ಜನ ಒಬ್ಬೊಬ್ಬರಾಗಿ ಚದುರಿದರು, ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಎಂಟು ದಿನಕ್ಕೆ ಹೆಣ್ಣು ಮಗು ಹುಟ್ಟಿತು. ಮಗುವಿನ ಅಳುವಿನ ಜೊತೆ ಬೆಳಿಗ್ಗೆಯ ಸರ್ರ್ ಸದ್ದೂ ನಡೆದೇ ಇತ್ತು. ಹನ್ನೆರಡು ಕಲ್ಲು ಇನ್ನೂ ಇದ್ದವಲ್ಲ. ಅವಳಿಗೆ ಅವಸರವಿರಲಿಲ್ಲ.

ಇನ್ನು ನನ್ನ ಮಾತು. ನಗಾರಿಯ ಪೀಠದ ವಿಷಯ ಹೇಳಿದ್ದೆನಲ್ಲ. ಅದರ ಕೆಂಪು ಬಟ್ಟೆಯ ಕೆಳಗೆ ಇದ್ದದ್ದು ಪೀಠವಲ್ಲ. ಮೊದಲು ನಾಲ್ಕು ಕಲ್ಲು, ಆಮೇಲೆ ಏಳು, ಈಗ ಹತ್ತು. ಪ್ರತಿ ವರ್ಷ ಯಾರಿಗೂ ಕಾಣದಂತೆ ಇಪ್ಪತ್ತೊಂದು ದಿನ ತಿಳಿ ಕುಡಿದು ಎಸೆದೆ, ಪ್ರತಿ ವರ್ಷ ಅವು ಬಂದವು. ನನ್ನ ಒದ್ದೆ ಗೆರೆಗಳನ್ನು ಎಲ್ಲರಿಗಿಂತ ಮುಂಚೆ ಎದ್ದು ಒರೆಸಿದವನು ನಾನು. ಬಂದ ಕಲ್ಲುಗಳಿಗೆ ಬಟ್ಟೆ ಹೊದಿಸಿ ಮೇಲೆ ನಗಾರಿ ಇಟ್ಟೆ. ವರ್ಷದಿಂದ ವರ್ಷಕ್ಕೆ ನಗಾರಿ ಎತ್ತರವಾಗುವುದನ್ನು ಕಂಡು ನಗಾರಿಗೆ ನಾನು ಎಷ್ಟು ಮರ್ಯಾದೆ ಕೊಡುತ್ತೇನೆ ಎಂದು ಊರು ನನ್ನನ್ನು ಹೊಗಳುತ್ತಿತ್ತು. ಬೇರೆಯವರ ಕಲ್ಲಿಗೆ ಬಾರಿಸುತ್ತಿದ್ದೆನಲ್ಲ, ಅಷ್ಟು ಸದ್ದು ನನ್ನ ಕಲ್ಲುಗಳನ್ನು ಮುಚ್ಚಲು ಬೇಕಾಗಿತ್ತು.

ಮಗುವಿಗೆ ಹೆಸರಿಟ್ಟ ಮಾರನೆಯ ದಿನ ನಾನು ಒಂದು ಮುದ್ದೆ ಮಾಡಿಕೊಂಡು ಕೂತು ಉಂಡೆ. ಹೊರಗೆ ಬಂದೆ. ಒಳ್ಳೆ ಬಿಸಿಲು, ಬೀದಿಯಲ್ಲಿ ಓಡಾಟವಿತ್ತು. ನಗಾರಿಯನ್ನು ಇಳಿಸಿ ಗೋಡೆಗೆ ಒರಗಿಸಿ ಕೆಂಪು ಬಟ್ಟೆ ಎಳೆದೆ. ನೀರು ಹೊತ್ತು ಹೋಗುತ್ತಿದ್ದವರು ನಿಂತುಬಿಟ್ಟರು. ಯಾರೋ ಎಣಿಸುವುದು ಕೇಳಿಸಿತು. ಹತ್ತು, ಎಂದರು. ಜಗುಲಿಯ ಮೇಲೆ ಕೂತೆ. ಓಡಿ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಬೇಕು ಎನಿಸಿತು. ಮೊದಲ ಕಲ್ಲನ್ನು ಎರಡು ಕೈಯಲ್ಲಿ ಹಿಡಿದು ದೂಡಿದೆ. ಒಂದು ಬೆರಳಿನಷ್ಟು ಜರುಗಿತು.

"ನೀರು ಬಿಟ್ಕೊಂಡು ಉಜ್ಜಿ" ಎಂಬ ದನಿ ಎದುರಿನಿಂದ ಬಂತು. "ಒಣಗಲ್ಲು ಉಜ್ಜಿದ್ರೆ ಕೈ ಕಿತ್ತೋಗುತ್ತೆ."

ಹೋಳಿಗೆಯವಳು ತೊಡೆಯ ಮೇಲೆ ಮೊಮ್ಮಗಳನ್ನು ಮಲಗಿಸಿಕೊಂಡು ತನ್ನ ಜಗುಲಿಯ ಮೇಲೆ ಕೂತಿದ್ದಳು. ನನ್ನ ಹತ್ತು ಕಲ್ಲುಗಳನ್ನು ಅವಳು ಎಣಿಸಲಿಲ್ಲ. ನಾನು ಚೊಂಬು ತಂದು ನೀರು ಬಿಟ್ಟೆ. ಸರ್ರ್ ಎಂದಿತು. ಅವಳು ಸ್ವಲ್ಪ ಹೊತ್ತು ಕೇಳುತ್ತ ಕೂತು, ಆಮೇಲೆ ಬೀದಿಯಲ್ಲಿ ನಿಂತವರಿಗೆಲ್ಲ ಕೇಳುವಂತೆ ನನ್ನನ್ನು ಕೇಳಿದಳು.

"ಊಟ ಆಯ್ತಾ?"

ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು. ತಲೆ ತಗ್ಗಲು ಹೊರಟಿತ್ತು, ನಾನು ಬಿಡಲಿಲ್ಲ.

"ಆಯ್ತು" ಎಂದೆ. "ಒಂದು ಮುದ್ದೆ. ಸಾರಿಗೆ ಉಪ್ಪು ಸ್ವಲ್ಪ ಹೆಚ್ಚಾಗಿತ್ತು."